ಹೆದರಿಕೆಗೆ ಬಾಗಿಲಿಟ್ಟವರು

ಕೆಲಸ ಕೊಡುವವರು ಸಾಮಾನ್ಯವಾಗಿ ಧೈರ್ಯಸ್ಥರನ್ನು ಹುಡುಕುತ್ತಾರೆ. ಜಪಾನಿನ ಒಸಾಕಾದ ಕ್ಯಾಪ್‌ಕಾಮ್ ಕಂಪನಿಯಲ್ಲಿದ್ದ ತೊಕುರೊ ಫುಜಿವಾರಾ ಹುಡುಕಿದ್ದು ಪುಕ್ಕಲನನ್ನು. ಭಯದ ಗೇಮೊಂದನ್ನು ಮಾಡಿಸಬೇಕಾಗಿ ಬಂದಾಗ ಅವರು ಕರೆದದ್ದು ಶಿಂಜಿ ಮಿಕಾಮಿ ಎಂಬ ಕಿರಿಯ ಸಹೋದ್ಯೋಗಿಯನ್ನು. ಅಲ್ಲಿಯವರೆಗೆ ಮಿಕಾಮಿ ಕೈಯಾಡಿಸಿದ್ದು ಡಿಸ್ನಿಯ 'ಅಲ್ಲಾದ್ದೀನ್', 'ಗೂಫ್ ಟ್ರೂಪ್'ನಂಥ ಮಕ್ಕಳ ಆಟಗಳಲ್ಲಿ. ಹೆದರುವುದೆಂದರೆ ತನಗಾಗದು ಎಂದು ಅವರು ಹೇಳಿಕೊಂಡದ್ದೇ ಫುಜಿವಾರಾಗೆ ಹಿಡಿಸಿತಂತೆ. ಯಾವುದಕ್ಕೂ ಹೆದರದವನಿಗೆ ಜನ ಯಾವುದಕ್ಕೆ ಹೆದರುತ್ತಾರೆಂದು ಗೊತ್ತಾಗುವುದಾದರೂ ಹೇಗೆ?

ಹೀಗೆ ಶುರುವಾದ ಕೆಲಸ 1996ರ ಮಾರ್ಚ್ 22ರಂದು ಜಪಾನಿನಲ್ಲಿ 'ಬಯೋಹಜಾರ್ಡ್' ಎಂಬ ಹೆಸರಿನಲ್ಲಿ ಹೊರಬಿತ್ತು. ಮಿಕ್ಕ ಕಡೆಗಳಲ್ಲಿ ಅದರ ಹೆಸರು 'ರೆಸಿಡೆಂಟ್ ಈವಿಲ್'. 'ಸರ್ವೈವಲ್ ಹಾರರ್' ಎಂಬ ಹೆಸರು ಚಾಲ್ತಿಗೆ ಬಂದದ್ದು ಅದರಿಂದಲೇ. ಇವತ್ತು ಬಿಟಿಎಂ ಲೇಔಟಿನ ಪೀಜಿಯೊಂದರ ಹುಡುಗ ದಿನವಿಡೀ ಆಫೀಸಿನಲ್ಲಿ ದುಡಿದು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಬಂದು, ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಏರಿಸಿ, ಸ್ವಂತ ಕಾಸು ಕೊಟ್ಟು ಹೆದರಿಕೊಳ್ಳುತ್ತಾನಲ್ಲ, ಅದರ ಬೇರು ಅಲ್ಲಿದೆ. ಈ ಸುಖವನ್ನು ಯಾರೋ ಒಬ್ಬರು ಕೂತು ಯೋಚಿಸಿ ಕಂಡುಹಿಡಿಯಲಿಲ್ಲ. ಯಂತ್ರದ ಶಕ್ತಿ ಸಾಲದೆ, ನೆನಪಿನ ಜಾಗ ಸಾಲದೆ, ಬೇರೆ ದಾರಿ ಕಾಣದೆ ಮಾಡಿಕೊಂಡ ಹೊಂದಾಣಿಕೆಗಳೇ ಒಂದೊಂದಾಗಿ ಸುಖದ ಮೂಲಗಳೆಂದು ಆಮೇಲೆ ಗೊತ್ತಾದವು.

ಫುಜಿವಾರಾ ಮೊದಲ ಪಾಠ ಕಲಿತದ್ದು 1989ರಲ್ಲಿ. ಕಿಯೋಶಿ ಕುರೊಸಾವಾ ನಿರ್ದೇಶಿಸಿದ 'ಸ್ವೀಟ್ ಹೋಮ್' ಎಂಬ ಸಿನಿಮಾವನ್ನು ಅದೇ ಹೆಸರಿನಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ಗೇಮ್ ಆಗಿ ತಂದವರು ಅವರು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಟೀವಿಗೆ ಸಿಕ್ಕಿಸಿ 'ಮಾರಿಯೋ' ಆಡುತ್ತಿದ್ದ ಅಗ್ಗದ ಕನ್ಸೋಲುಗಳು ಈ ಫ್ಯಾಮಿಕಾಮಿನ ನಕಲುಗಳೇ. ಅಂಥ ಎಂಟು ಬಿಟ್ಟಿನ ಯಂತ್ರದಲ್ಲಿ ನೋಡಿದೊಡನೆ ಬೆಚ್ಚಿಬೀಳುವಂಥ ಚಿತ್ರ ಬರೆಯುವುದು ಕಷ್ಟ. ಹಾಗಾಗಿ ಭಯವನ್ನು ಚಿತ್ರದಿಂದ ತೆಗೆದು ಲೆಕ್ಕಾಚಾರದೊಳಗೆ ಇಟ್ಟರು. ಪಾಳುಬಿದ್ದ ಬಂಗಲೆಯೊಳಗೆ ಐದು ಜನ. ಒಬ್ಬರ ಬಳಿ ಲೈಟರ್, ಒಬ್ಬರ ಬಳಿ ಔಷಧಿ, ಒಬ್ಬರ ಬಳಿ ಕೀಲಿಕೈ, ಒಬ್ಬರ ಬಳಿ ಕ್ಯಾಮೆರಾ, ಇನ್ನೊಬ್ಬರ ಬಳಿ (ನಗಬೇಡಿ) ವ್ಯಾಕ್ಯೂಮ್ ಕ್ಲೀನರ್. ಸತ್ತವರು ಮತ್ತೆ ಎದ್ದು ಬರುವುದಿಲ್ಲ. ಅವರ ಸಾಮಾನಿನ ಕೆಲಸಕ್ಕೆ ಬದಲಿ ಹುಡುಕಿಕೊಳ್ಳಬೇಕು. ಹೊತ್ತೊಯ್ಯಲು ಜಾಗ ಕಮ್ಮಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ತೆರೆಯ ತುಂಬ ಒಂದು ಬಾಗಿಲು ಮೂಡಿ, ಮೆಲ್ಲಗೆ ತೆರೆದುಕೊಳ್ಳುತ್ತದೆ. ಈ ಗೇಮ್ ಜಪಾನಿನ ಆಚೆ ಮಾರಾಟಕ್ಕೆ ಬರಲೇ ಇಲ್ಲ. ಮಿಕಾಮಿಗೆ ಮೊದಲು ವಹಿಸಿದ್ದು ಇದನ್ನೇ ಹೊಸ ಪ್ಲೇಸ್ಟೇಷನ್‌ಗೆ ತಕ್ಕಂತೆ ಮತ್ತೆ ಮಾಡುವ ಕೆಲಸ.

ಎರಡನೆಯ ಪಾಠ ಬಂದದ್ದು ಫ್ರಾನ್ಸಿನ ಲಿಯೋನ್‌ನಿಂದ. ಅಲ್ಲಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ಫ್ರೆಡರಿಕ್ ರೇನಲ್ 1992ರಲ್ಲಿ 'ಅಲೋನ್ ಇನ್ ದ ಡಾರ್ಕ್' ಮಾಡಿದರು. ಆಗಿನ ಕಂಪ್ಯೂಟರಿಗೆ ಮನುಷ್ಯಾಕೃತಿಯನ್ನು ಮೂರು ಆಯಾಮದಲ್ಲಿ ಕುಣಿಸುವುದು ಹೇಗೋ ಸಾಧ್ಯವಿತ್ತು, ಇಡೀ ಮನೆಯನ್ನು ಕ್ಷಣಕ್ಷಣಕ್ಕೂ ಹಾಗೆ ಬರೆಯುವುದು ಆಗದ ಮಾತು. ಅದಕ್ಕೆ ಕೋಣೆಗಳನ್ನು ಮೊದಲೇ ಚಿತ್ರ ಬರೆದಿಟ್ಟು, ಒಂದೊಂದು ಮೂಲೆಯಲ್ಲಿ ಕ್ಯಾಮೆರಾ ನೆಟ್ಟರು. ನೆಟ್ಟ ಕ್ಯಾಮೆರಾ ಅಲುಗುವುದಿಲ್ಲ. ತಿರುವಿನ ಆಚೆ ಏನಿದೆ ಎಂದು ಇಣುಕಿ ನೋಡುವ ಸ್ವಾತಂತ್ರ್ಯ ಆಟಗಾರನಿಗೆ ಹೋಯಿತು. ಯಾರೋ ಕಾಲೆಳೆಯುವ ಸದ್ದು ಕೇಳುತ್ತದೆ, ಯಾರು ಎಲ್ಲಿ ಎಂದು ಕಾಣುವುದಿಲ್ಲ.

ಆ ಗೇಮಿನ ಮೊದಲ ಕೋಣೆ ಒಂದು ಅಟ್ಟ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದು ಪ್ರಾಣಿ ಒಳನುಗ್ಗುತ್ತದೆ, ನೆಲದ ಕಿಂಡಿಯಿಂದ ಹೆಣವೊಂದು ಮೇಲೇರಿ ಬರುತ್ತದೆ. ಹೊಡೆದಾಡಿದರೆ ಪೆಟ್ಟು ತಿನ್ನುವುದು ಖಾತ್ರಿ. ಆದರೆ ಬೀರುವನ್ನು ತಳ್ಳಿ ಕಿಟಕಿಗೆ ಅಡ್ಡ ಇಟ್ಟು, ಪೆಟ್ಟಿಗೆಯನ್ನು ಕಿಂಡಿಯ ಮೇಲಕ್ಕೆ ತಳ್ಳಿದರೆ ಎರಡೂ ಒಳಗೆ ಬರಲಾರವು. ನನ್ನ ಮಟ್ಟಿಗೆ ಈ ಪ್ರಕಾರದ ಅಸಲಿ ಆವಿಷ್ಕಾರ ಇದು. ಅಲ್ಲಿಯವರೆಗೆ ಗೇಮ್ ಎಂದರೆ ಹೆಚ್ಚಾಗಿ ಎದುರಿಗೆ ಬಂದದ್ದನ್ನು ಹೊಡೆದುರುಳಿಸುವುದು. ಇಲ್ಲಿ ಗೆಲುವೆಂದರೆ ಬಾಗಿಲು ಭದ್ರಮಾಡಿಕೊಳ್ಳುವುದು.

ಮಿಕಾಮಿ ಮೊದಲು ಮಾಡಲು ಹೊರಟದ್ದು ಪಾತ್ರದ ಕಣ್ಣಿನಿಂದಲೇ ಎಲ್ಲವನ್ನೂ ನೋಡುವಂಥ ಗೇಮ್. ಅದು ಅವರ ಮನಸ್ಸಿಗೆ ಒಪ್ಪುವಂತೆ ಬರಲಿಲ್ಲ. ರೇನಲ್ ತೋರಿಸಿದ ದಾರಿ ಹಿಡಿದು ಬರೆದಿಟ್ಟ ಕೋಣೆ, ನೆಟ್ಟ ಕ್ಯಾಮೆರಾಗಳಿಗೆ ಬದಲಾದರು. ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಇದ್ದದ್ದು ಬರೀ 2 ಮೆಗಾಬೈಟ್. ವಾಟ್ಸ್ಆ್ಯಪಿನಲ್ಲಿ ಬರುವ ಶುಭೋದಯದ ಎಷ್ಟೋ ವಿಡಿಯೊಗಳು ಅದಕ್ಕಿಂತ ದೊಡ್ಡವು. ಇಡೀ ಬಂಗಲೆ ಒಮ್ಮೆಗೇ ಅದರಲ್ಲಿ ಹಿಡಿಸದು. ಪ್ರತಿ ಕೋಣೆಗೂ ಸೀಡಿಯಿಂದ ಹೊಸದಾಗಿ ಚಿತ್ರ ಎಳೆದುಕೊಳ್ಳಬೇಕು, ಸೀಡಿಯೋ ಬಲು ನಿಧಾನ. ಆ ಕೆಲವು ಸೆಕೆಂಡು ಆಟಗಾರನಿಗೆ ಏನು ತೋರಿಸುವುದು? 'ಸ್ವೀಟ್ ಹೋಮ್'ನ ಬಾಗಿಲು ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ತೆರೆ ಪೂರ್ತಿ ಕಪ್ಪಾಗುತ್ತದೆ. ನಡುವೆ ಒಂದು ಬಾಗಿಲು. ಹಿಡಿ ತಿರುಗುತ್ತದೆ, ತಿರುಗಣಿ ಕಿರುಗುಟ್ಟುತ್ತದೆ, ಬಾಗಿಲು ಒಳಕ್ಕೆ ಸರಿಯುತ್ತದೆ, ಆಚೆ ಬರೀ ಕತ್ತಲೆ. ಯಂತ್ರ ಉಸಿರೆಳೆದುಕೊಳ್ಳಲು ಬೇಕಿದ್ದ ಆ ಹೊತ್ತಿನಲ್ಲಿ ಆಟಗಾರ ಉಸಿರು ಬಿಗಿಹಿಡಿದ. ಮುಂದೆ ಯಂತ್ರಗಳು ಚುರುಕಾಗಿ ಈ ಕಾಯುವಿಕೆ ತಗ್ಗಿದ ಮೇಲೂ, 2002ರಲ್ಲಿ ಅದೇ ಗೇಮನ್ನು ಹೊಸದಾಗಿ ಮಾಡುವಾಗ ಬಾಗಿಲುಗಳನ್ನು ಉಳಿಸಿಕೊಂಡರು. ತೊಡಕೆಂದು ಬಂದದ್ದು ಸೊಗಸಾಗಿ ಉಳಿದುಕೊಂಡಿತು.

ಈಗ ಆ ಬಾಗಿಲಿನ ಮುಂದೆ ನಿಂತವನ ಜೇಬು ನೋಡೋಣ. ಕ್ರಿಸ್ ಎಂಬ ಪಾತ್ರವನ್ನು ಆರಿಸಿಕೊಂಡರೆ ಸಾಮಾನಿಡಲು ಆರು ಖಾನೆ, ಜಿಲ್ ಎಂಬವಳಿಗೆ ಎಂಟು. ಕ್ರಿಸ್‌ನ ಪಿಸ್ತೂಲಿಗೆ ಒಂದು ಖಾನೆ, ಗುಂಡುಗಳಿಗೆ ಒಂದು, ಗಾಯಕ್ಕೆ ಹಚ್ಚುವ ಹಸಿರು ಗಿಡಮೂಲಿಕೆಗೆ ಒಂದು, ಬೀಗದ ಕೈಗೆ ಒಂದು, ಟೈಪ್‌ರೈಟರ್ ರಿಬ್ಬನ್ನಿಗೆ ಒಂದು. ಉಳಿದದ್ದು ಒಂದೇ. ಈ ರಿಬ್ಬನ್ನಿನ ಏರ್ಪಾಡು ಕ್ರೂರವಾದದ್ದು. ಆಟವನ್ನು ಸೇವ್ ಮಾಡಬೇಕಾದರೆ ಟೈಪ್‌ರೈಟರ್ ಇರುವ ಕೋಣೆಗೇ ಹೋಗಬೇಕು, ಪ್ರತಿ ಸಲಕ್ಕೂ ಒಂದು ರಿಬ್ಬನ್ ಖರ್ಚಾಗುತ್ತದೆ, ರಿಬ್ಬನ್ನುಗಳು ಎಣಿಸಿಟ್ಟಷ್ಟೇ ಸಿಗುತ್ತವೆ. ಓಣಿಯಲ್ಲಿ ಒಂದು ಜೋಂಬಿ ತೂಗಾಡುತ್ತ ನಿಂತಿದೆ. ಗುಂಡು ಹಾರಿಸಿ ಕೆಡವಬಹುದು, ಆದರೆ ಒಂದೆರಡು ಗುಂಡಿಗೆ ಅದು ಬೀಳುವುದಿಲ್ಲ. ಪಕ್ಕದಿಂದ ನುಸುಳಿ ಓಡಬಹುದು, ಆದರೆ ಇದೇ ಓಣಿಯಲ್ಲಿ ವಾಪಸು ಬರಬೇಕು. ಔಷಧಿಯನ್ನು ಈಗಲೇ ಬಳಸಿಬಿಟ್ಟರೆ ಒಂದು ಖಾನೆ ಖಾಲಿಯಾಗುತ್ತದೆ, ಆಚೆ ಕೋಣೆಯಲ್ಲಿ ಕಚ್ಚಿಸಿಕೊಂಡರೆ ಕೈ ಬರಿದು. ತಿಂಗಳ ಕೊನೆಯ ವಾರದ ಸಂಸಾರ ಗೊತ್ತಿದ್ದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಜೋಂಬಿಯ ಮುಖವನ್ನು ನಾಲ್ಕು ಸಲ ನೋಡಿದರೆ ಅಭ್ಯಾಸವಾಗುತ್ತದೆ. ಕೊರತೆ ಅಭ್ಯಾಸವಾಗುವುದಿಲ್ಲ. ಮೊದಲ ಸಲ ಎದೆ ನಡುಗಿಸಿದ ಓಣಿ ಆಡುತ್ತ ಆಡುತ್ತ ಪರಿಚಯದ ಜಾಗವಾಗುತ್ತದೆ. ಯಾವ ಕಿಟಕಿಯಿಂದ ನಾಯಿ ಹಾರುತ್ತದೆ, ಯಾವ ಬಾಗಿಲಿಗೆ ಯಾವ ಕೀಲಿ, ಎಲ್ಲಿ ಔಷಧಿ ಬಿಟ್ಟುಬಂದೆ ಎಂಬುದೆಲ್ಲ ತಲೆಯೊಳಗೆ ನಕ್ಷೆಯಾಗಿ ಕೂರುತ್ತದೆ. ಕಡೆಗೆ ಇಡೀ ಬಂಗಲೆ ನಿಮ್ಮ ಸ್ವಾಧೀನಕ್ಕೆ ಬಂದಿರುತ್ತದೆ. ಟೈಪ್‌ರೈಟರ್ ಕೋಣೆಗೆ ಕಾಲಿಟ್ಟೊಡನೆ ಮೆಲುವಾದ ಸಂಗೀತ ಕೇಳಿಸಿ, ಹೆಗಲು ತಾನಾಗಿ ಇಳಿಯುತ್ತದಲ್ಲ, ಅದಕ್ಕಿಂತ ದೊಡ್ಡ ಬಹುಮಾನ ಈ ಗೇಮಿನಲ್ಲಿಲ್ಲ. ಹೆದರಿಸಲು ಬಂದ ಗೇಮ್ ಮಾರಿದ್ದು ನೆಮ್ಮದಿಯನ್ನು.

ಸಿನಿಮಾಕ್ಕೆ ಇದು ಒಲಿಯದು. 2004ರ 'ಆಪ್ತಮಿತ್ರ'ದಲ್ಲಿ ನಾಗವಲ್ಲಿಯ ಕೋಣೆಯ ಬಾಗಿಲನ್ನು ಗಂಗಾ ತೆಗೆಸುವಾಗ ಥಿಯೇಟರಿನಲ್ಲಿ ಕೂತ ನಮಗೆ ಬೇಡವೆಂದು ಕೂಗಬೇಕೆನಿಸುತ್ತದೆ. ಕೂಗಿದರೂ ಆಕೆ ತೆಗೆಯುತ್ತಾಳೆ. ಕಣ್ಣು ಮುಚ್ಚಿಕೊಂಡರೂ ರೀಲು ಓಡುತ್ತದೆ. ಗೇಮಿನಲ್ಲಿ ಕಂಟ್ರೋಲರ್ ಕೆಳಗಿಟ್ಟರೆ ಬಾಗಿಲು ಮುಚ್ಚಿಯೇ ಇರುತ್ತದೆ, ಎಷ್ಟು ಹೊತ್ತು ಬೇಕಾದರೂ. ಬಟನ್ ಒತ್ತಬೇಕಾದವರು ನೀವೇ. ಆಮೇಲೆ ಆಗುವುದಕ್ಕೆಲ್ಲ ಹೊಣೆಯೂ ನೀವೇ.

ಬೆಂಗಳೂರಿಗೆ ಈ ಗೇಮ್ ಬಂದದ್ದು ಹಿತ್ತಿಲ ದಾರಿಯಿಂದ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಹೊರದೇಶದ ಯಂತ್ರಗಳು, ಅವುಗಳಿಗೆ ನಕಲು ಸೀಡಿಗಳು ಸಿಗುತ್ತಿದ್ದವು. ಜಯನಗರ, ಬನಶಂಕರಿ ಕಡೆ ಗಂಟೆಗಿಷ್ಟು ಎಂದು ಕಾಸು ಇಸಿದುಕೊಂಡು ಆಡಿಸುವ ಪಾರ್ಲರುಗಳು ಹುಟ್ಟಿಕೊಂಡವು. ಅಲ್ಲಿ ನಡೆಯುತ್ತಿದ್ದದ್ದು ಹೆಚ್ಚಾಗಿ ಹೊಡೆದಾಟ, ಫುಟ್‌ಬಾಲ್, ಕಾರ್ ರೇಸು. ಭಯದ ಗೇಮಿಗೆ ಅದು ತಕ್ಕ ಜಾಗವಲ್ಲ. ಹೆದರಲು ಏಕಾಂತ ಬೇಕು. ಪಾರ್ಲರಿನಲ್ಲಿ ಬೆನ್ನ ಹಿಂದೆ ಐದಾರು ಹುಡುಗರು ನಿಂತು, 'ಲೇ, ಆ ಬಾಗ್ಲು ಬೇಡ ಕಣೋ, ಎಡಗಡೆ ಹೋಗೋ' ಎಂದು ಸಲಹೆ ಕೊಡುತ್ತಿದ್ದರೆ ಯಾವ ಜೋಂಬಿಗೂ ಮರ್ಯಾದೆ ಉಳಿಯುವುದಿಲ್ಲ. ಜೊತೆಗೆ ಮೆಮೊರಿ ಕಾರ್ಡ್ ಇಲ್ಲದಿದ್ದರೆ ರಿಬ್ಬನ್ ಇದ್ದೂ ಪ್ರಯೋಜನವಿಲ್ಲ. ಗಂಟೆ ಮುಗಿದರೆ ಬಂಗಲೆಯ ಮೊದಲ ಮೆಟ್ಟಿಲಿಗೇ ವಾಪಸು. ಈ ಪ್ರಕಾರ ದಕ್ಷಿಣ ಬೆಂಗಳೂರಿನಲ್ಲಿ ನಿಜವಾಗಿ ನೆಲೆಯೂರಿದ್ದು ಮನೆಮನೆಗೆ ಕಂಪ್ಯೂಟರ್ ಬಂದು, ಹುಡುಗರಿಗೆ ಬಾಗಿಲು ಹಾಕಿಕೊಳ್ಳಲು ತಮ್ಮದೇ ಕೋಣೆ ಸಿಕ್ಕ ಮೇಲೆ.

ತಮಾಷೆಯೆಂದರೆ, ಜಪಾನಿನವರು ಹೀಗೆ ತಡಕಾಡುತ್ತಿದ್ದ ಕಾಲದಲ್ಲೇ ಬೆಂಗಳೂರು ಇದೇ ಆಟವನ್ನು ಕರೆಂಟಿಲ್ಲದೆ ಆಡುತ್ತಿತ್ತು. 1990ರ ದಶಕದಲ್ಲಿ ಊರಿನ ಎಷ್ಟೋ ಬಡಾವಣೆಗಳ ಮನೆಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ಕೇರಿಯಿಂದ ಕೇರಿಗೆ ಹಬ್ಬಿತ್ತು. ಬರಹ ಓದಿ ಅದು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಗೇಮ್ ಮಾಡುವವರ ಕಣ್ಣಿನಿಂದ ಇದನ್ನು ನೋಡಿ. ನಿಯಮ ಒಂದೇ, ಮಕ್ಕಳಿಗೂ ಅರ್ಥವಾಗುವಂಥದ್ದು. ಆಯುಧ ಒಂದು ತುಂಡು ಸೀಮೆಸುಣ್ಣ. ಶತ್ರುವಿನ ಮುಖ ಯಾರೂ ಕಂಡಿಲ್ಲ, ಕೇಳಿಸುವುದು ದನಿ ಮಾತ್ರ, ಆ ದನಿಯನ್ನೂ ನಂಬುವಂತಿಲ್ಲ. ಗೆದ್ದರೂ ಗೆಲುವು ಒಂದು ರಾತ್ರಿಯ ಮಟ್ಟಿಗೆ. ಹೊತ್ತು ಮೀರಿ ಮನೆಗೆ ಬಂದ ಅಪ್ಪ ನಿಜವಾಗಿಯೂ ಬಾಗಿಲು ತಟ್ಟಿದರೆ ಒಳಗಿದ್ದವರು ಏನು ಮಾಡಬೇಕು? ಇಂಥ ಇಕ್ಕಟ್ಟನ್ನು ಕಟ್ಟುವುದಕ್ಕೆ ದೊಡ್ಡ ಸ್ಟುಡಿಯೊಗಳು ವರ್ಷಗಟ್ಟಲೆ ಹೆಣಗುತ್ತವೆ. ನಾವು ಸುಣ್ಣ ಬಳಿದು ಅಳಿಸಿಬಿಟ್ಟೆವು.

ಭಯವನ್ನು ಸವಿಯಬಹುದೆಂಬ ಮಾತು ನಮಗೆ ಹೊಸದೂ ಅಲ್ಲ. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಅದಕ್ಕೆ ವ್ಯಾಖ್ಯಾನ ಬರೆಯುವಾಗ ರಸಾನುಭವ ಹೇಗಾಗುತ್ತದೆ ಎಂಬುದಕ್ಕೆ ಕೊಟ್ಟ ಉದಾಹರಣೆ ಕಾಳಿದಾಸನ ಶಾಕುಂತಲದ್ದು: ದುಷ್ಯಂತನ ರಥ ಬೆನ್ನಟ್ಟಿದಾಗ ಕೊರಳು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆ. ಆ ಭಯ ನನ್ನದು, ಅವನದು ಎಂಬ ಗಂಟು ಬಿಚ್ಚಿಹೋದಾಗಲೇ ಅದು ರಸವಾಗುತ್ತದೆ ಎಂಬುದು ಅವನ ವಾದ. ಸರ್ವೈವಲ್ ಹಾರರ್ ಈ ವಾದವನ್ನು ಸ್ವಲ್ಪ ತೊಡಕಿಗೆ ಸಿಕ್ಕಿಸುತ್ತದೆ. ಬಿಚ್ಚಿದ ಗಂಟನ್ನು ಅದು ರಿಬ್ಬನ್ನು, ಗುಂಡುಗಳ ಮೂಲಕ ಮತ್ತೆ ಕಟ್ಟುತ್ತದೆ: ಸತ್ತರೆ ಹೋಗುವುದು ನನ್ನದೇ ಒಂದು ಗಂಟೆಯ ಶ್ರಮ. ಗಂಟು ತೀರಾ ಸಡಿಲವಾದರೆ ಬೇಜಾರು, ತೀರಾ ಬಿಗಿಯಾದರೆ ಸಿಟ್ಟು. ಭಯ ಇರುವುದು ಎರಡರ ನಡುವಿನ ಸಣ್ಣ ಸಂದಿಯಲ್ಲಿ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ಇದನ್ನು ಅಳೆದೂ ನೋಡಿದ್ದಾರೆ. ದುಡ್ಡು ಕೊಟ್ಟು ಒಳಹೊಕ್ಕು ಹೆದರುವ ದೆವ್ವದ ಮನೆಯೊಂದಕ್ಕೆ 110 ಜನರನ್ನು ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಕಳಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಭಯ ಏರಿದಂತೆ ಮಜವೂ ಏರುತ್ತದೆ, ಒಂದು ಹದ ದಾಟಿದರೆ ಇಳಿಯತೊಡಗುತ್ತದೆ.

ಹದ ಸಿಕ್ಕಿದ್ದು ಗೇಮಿನವರಿಗೆ ಒಂದೇ ಸಲಕ್ಕಲ್ಲ. 1999ರಲ್ಲಿ ಕೊನಾಮಿಯ 'ಸೈಲೆಂಟ್ ಹಿಲ್' ದೂರದ ಬೀದಿಗಳನ್ನು ಬರೆಯಲು ಯಂತ್ರಕ್ಕೆ ತಾಕತ್ತಿಲ್ಲದ್ದನ್ನು ಮಂಜಿನಿಂದ ಮುಚ್ಚಿತು. ಕಿಸೆಯಲ್ಲಿ ಒಂದು ರೇಡಿಯೊ ಇಟ್ಟು, ಪ್ರಾಣಿ ಹತ್ತಿರ ಬಂದರೆ ಅದು ಗೊರಗುಟ್ಟುವಂತೆ ಮಾಡಿತು. ಆಮೇಲೆ ಯಂತ್ರಗಳು ಬಲಿತವು, ಕೊರತೆ ಬೇಕಿಲ್ಲವೆನಿಸಿತು, ಗುಂಡುಗಳು ರಾಶಿ ಬಿದ್ದವು. 2005ರ 'ರೆಸಿಡೆಂಟ್ ಈವಿಲ್ 4' ಇನ್ನೂ ಅದ್ಭುತವಾಗಿತ್ತು, ಒಪ್ಪೋಣ. 2012ರ ಆರನೆಯದರ ಹೊತ್ತಿಗೆ ಹೆದರಬೇಕಾದವರು ನಾವೋ ಜೋಂಬಿಗಳೋ ಎಂಬ ಅನುಮಾನ ಬರುವಷ್ಟು ಮದ್ದುಗುಂಡು ನಮ್ಮ ಕೈಯಲ್ಲಿತ್ತು.

ಅಷ್ಟರೊಳಗೇ ದಾರಿ ತಪ್ಪಿದ್ದನ್ನು ಸರಿಪಡಿಸಲು ಹೊರಟಿದ್ದವರು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಎಂಬ ಪುಟ್ಟ ತಂಡದವರು. 2010ರ 'ಅಮ್ನೀಷಿಯಾ'ದಲ್ಲಿ ಅವರು ಆಯುಧವನ್ನೇ ಕಿತ್ತುಕೊಂಡರು. ಅಡಗಬೇಕು ಇಲ್ಲವೇ ಓಡಬೇಕು. ಪ್ರಾಣಿಯನ್ನು ನೆಟ್ಟ ಕಣ್ಣಿನಿಂದ ನೋಡಿದರೆ ಪಾತ್ರದ ಬುದ್ಧಿ ಕದಡುತ್ತದೆ. ಇನ್ನು ಬಾಗಿಲು: ಬಟನ್ ಒತ್ತಿದರೆ ತೆರೆಯುವುದಿಲ್ಲ, ಮೌಸ್ ಹಿಡಿದು ಎಳೆಯಬೇಕು, ನೀವು ಎಳೆದಷ್ಟೇ ತೆರೆಯುತ್ತದೆ. ಬೆರಳಗಲ ಸಂದಿ ಮಾಡಿ ಇಣುಕಬಹುದು, ಗಾಬರಿಯಲ್ಲಿ ದೂಡಬೇಕಾದದ್ದನ್ನು ಎಳೆದು ಒದ್ದಾಡಲೂಬಹುದು. ಯಂತ್ರ ತನ್ನ ಅನುಕೂಲಕ್ಕೆ ತೆಗೆಯುತ್ತಿದ್ದ ಬಾಗಿಲನ್ನು ಹದಿನಾಲ್ಕು ವರ್ಷದ ಮೇಲೆ ಆಟಗಾರನ ಕೈಗೇ ಕೊಟ್ಟರು.

2014ರ 'ಏಲಿಯನ್: ಐಸೊಲೇಷನ್' ಇನ್ನೊಂದು ಗುಟ್ಟು ಕಂಡುಕೊಂಡಿತು. ಬೆನ್ನಟ್ಟುವ ಪ್ರಾಣಿಯ ಹಿಂದೆ ಅಲ್ಲಿ ಎರಡು ಮಿದುಳು. ಒಂದಕ್ಕೆ ಆಟಗಾರ ಎಲ್ಲಿದ್ದಾನೆಂದು ಸದಾ ಗೊತ್ತು. ಅದು ಪ್ರಾಣಿಗೆ ಈ ಸುತ್ತಮುತ್ತ ಹುಡುಕು ಎಂದಷ್ಟೇ ಸುಳಿವು ಕೊಡುತ್ತದೆ. ಪ್ರಾಣಿಯ ಸ್ವಂತ ಮಿದುಳು ಕಣ್ಣು ಕಿವಿಗಳನ್ನು ನಂಬಿ ಹುಡುಕಬೇಕು. ಅದು ಬಹಳ ಹೊತ್ತು ಆಟಗಾರನ ಬಳಿಯೇ ಸುಳಿದಾಡಿದರೆ ಮೇಲಿನ ಮಿದುಳು ಅದನ್ನು ದೂರ ಕಳಿಸಿ ಉಸಿರಾಡಲು ಬಿಡುತ್ತದೆ. ಅಂದರೆ ಬಿಡುವನ್ನೂ ಅಳೆದು ಬಡಿಸುತ್ತಾರೆ. 2019ರಲ್ಲಿ ಹೊಸದಾಗಿ ಬಂದ 'ರೆಸಿಡೆಂಟ್ ಈವಿಲ್ 2'ರಲ್ಲಿ ಹ್ಯಾಟು ತೊಟ್ಟ ದೈತ್ಯನ ಬೂಟಿನ ಸದ್ದು ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತದೆ, ಆದರೆ ಟೈಪ್‌ರೈಟರ್ ಇರುವ ಸೇಫ್ ರೂಮಿನ ಹೊಸಿಲನ್ನು ಆತ ದಾಟುವುದಿಲ್ಲ. ಆ ಹೊಸಿಲಿನ ಒಳಗೆ ನಿಂತು ಸದ್ದು ದೂರವಾಗುವುದನ್ನು ಕಾಯುವ ಸುಖಕ್ಕೆ ಜನ ಮತ್ತೆ ಮತ್ತೆ ಆಡುತ್ತಾರೆ.

ಅಪ್ಪ ಅಮ್ಮಂದಿರಿಗೆ ನಡುವೆ ಒಂದು ಮಾತು. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್ 2014ರಲ್ಲಿ ಮೊಬೈಲು, ಗೇಮುಗಳ ಅತಿಬಳಕೆಗೆಂದೇ ಪ್ರತ್ಯೇಕ ಕ್ಲಿನಿಕ್ ತೆರೆಯಿತು, ಆತಂಕ ಸುಳ್ಳಲ್ಲ. ಆದರೆ ಮುಗಿಯುವುದೇ ಇಲ್ಲದ ಪಂದ್ಯದ ಗೇಮುಗಳೇ ಬೇರೆ, ಇವೇ ಬೇರೆ. ಭಯದ ಗೇಮಿಗೆ ಒಂದು ಕೊನೆಯಿದೆ, ಗಂಟೆಯೊಂದು ಆಡಿದರೆ ಮೈ ತಾನಾಗಿ ಸಾಕು ಎನ್ನುತ್ತದೆ. ವಯಸ್ಸಿಗೆ ತಕ್ಕದ್ದೇ ಎಂದು ಪೆಟ್ಟಿಗೆಯ ಮೇಲೆ ನೋಡಿ ಕೊಡಿಸಿ, ಅಷ್ಟು ಸಾಕು.

ಈ ಕತೆಗೆ ಬೆಂಗಳೂರಿನ ಎಳೆಯೂ ಒಂದಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಕಂಪನಿ. ಅದಕ್ಕೆ ಶುರುವಿನಲ್ಲೇ ಸಿಕ್ಕ ದೊಡ್ಡ ವಿದೇಶಿ ಗಿರಾಕಿ ಆ ಅಟ್ಟದ ಗೇಮ್ ಮಾಡಿಸಿದ್ದ ಅದೇ ಇನ್ಫೋಗ್ರಾಮ್ಸ್. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಧ್ರುವವನ್ನು ಕೊಂಡುಕೊಂಡಿತು. 1997ರಿಂದ ಇಂದಿನವರೆಗೂ ಊರಿನ ನೂರಾರು ಕೈಗಳು ಬೇರೆ ದೇಶದವರ ಗೇಮುಗಳಿಗೆ ಕಾರು, ಕಟ್ಟಡ, ಕಲ್ಲು, ಮರ ಬರೆದುಕೊಟ್ಟಿವೆ. ಕೆಲಸ ಗೊತ್ತಿದೆ. ಗೊಡೋದಂಥ ಗೇಮ್ ಎಂಜಿನ್ ಪುಕ್ಕಟೆ ಸಿಗುತ್ತದೆ. ದುಡ್ಡು, ಜನ, ಯಂತ್ರ ಸಾಲದೆಂಬುದು ಈ ಪ್ರಕಾರದಲ್ಲಿ ನೆಪವಾಗಲಾರದು, ಸಾಲದೆ ಇದ್ದದ್ದರಿಂದಲೇ ಇದು ಹುಟ್ಟಿದ್ದು.

ಆದ್ದರಿಂದ ಜೆಪಿ ನಗರ, ಬನಶಂಕರಿಯ ಬಾಡಿಗೆ ಕೋಣೆಗಳಲ್ಲಿ ರಾತ್ರಿ ಕೂತು ಸ್ವಂತ ಗೇಮಿನ ಕನಸು ಕಾಣುತ್ತಿರುವವರಲ್ಲಿ ಒಂದು ಕೋರಿಕೆ. ಜೋಂಬಿಗಳ ಸೈನ್ಯ ಬೇಡ, ಪಾಳು ಕೋಟೆ ಬೇಡ. ಜಯನಗರದ ಒಂದು ಹಳೇ ಮನೆ ಸಾಕು: ಗ್ರಿಲ್ಲಿನ ಗೇಟು, ಕೆಂಪು ಗಾರೆಯ ನೆಲ, ಮೇಲೊಂದು ಅಟ್ಟ, ಲೋಡ್ ಶೆಡ್ಡಿಂಗಿನ ರಾತ್ರಿ, ಅರ್ಧ ಉರಿದ ಮೇಣದ ಬತ್ತಿ, ಒಂದು ತುಂಡು ಸೀಮೆಸುಣ್ಣ. ಆಚೆಯಿಂದ ಕರೆಯುವ ದನಿ ಅಮ್ಮನದೇ ಇರಬಹುದೆಂಬ ಅನುಮಾನ ಬರಬೇಕಾದರೆ ಅದು ಮನೆಗನ್ನಡದಲ್ಲೇ ಮಾತಾಡಬೇಕು, ಅದನ್ನು ಮಾತ್ರ ಇಂಗ್ಲಿಷಿನಲ್ಲಿ ಮಾಡಿ ಕೆಡಿಸಬೇಡಿ. ಮಾಡಿ ಮುಗಿಸಿ. ನಕಲು ಸೀಡಿಯ ಕಾಲ ಹೋಯಿತು, ದುಡ್ಡು ಕೊಟ್ಟೇ ಆಡುತ್ತೇವೆ.